ಹಕ್ಕಿ ತಿಂದ ಹಣ್ಣೂ ಸದಕಾ
(ಜುಮಾ ಪ್ರವಚನದ ಸಾರಾಂಶ)



ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯ, ಪಕ್ಷಿ, ಪ್ರಾಣಿ ಯಾರು ತಿಂದರೂ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಗಿಡ ನೆಡುವಾಗ ನಾವು ನಮಗೆ ಸಿಗುವ ಹಣ್ಣು, ನೆರಳನ್ನಷ್ಟೇ ಲೆಕ್ಕ ಹಾಕುತ್ತೇವೆ. ಆದರೆ ಹಕ್ಕಿಯ ಪಾಲೂ ನಮ್ಮ ಕರ್ಮಪತ್ರದಲ್ಲಿ ದಾಖಲಾಗುತ್ತದೆ. ಪ್ರಾಣಿಪಕ್ಷಿಗಳು ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ (6:38) ತಿಳಿಸುತ್ತದೆ.

ನಂಜನಗೂಡು, ಟಿ. ನರಸೀಪುರದಲ್ಲಿ ಈ ಸಮುದಾಯಗಳು ನಮ್ಮ ನೆರೆಹೊರೆಯಲ್ಲೇ ಇವೆ. ಚಳಿಗಾಲದಲ್ಲಿ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ನಂಜನಗೂಡು ತಾಲ್ಲೂಕಿನ ಹೆಡಿಯಾಲ, ಓಂಕಾರ ವಲಯಗಳು ಬಂಡೀಪುರದ ಹುಲಿ, ಆನೆಗಳ ನೆಲೆ. ಆ ಕಾಡಿನಲ್ಲಿ ಲಂಟಾನ ಹಬ್ಬಿದೆ. ಬ್ರಿಟಿಷರ ಕಾಲದಲ್ಲಿ ಹೂವಿನ ಅಂದಕ್ಕಾಗಿ ಅಮೆರಿಕ ಖಂಡದಿಂದ ತಂದ ಗಿಡ ಅದು. ಅದು ದಟ್ಟವಾದ ಕಡೆ ಹುಲ್ಲು ಮೇಲೇಳದೆ ಜಿಂಕೆಗಳಿಗೆ ಮೇವು ಕಡಿಮೆಯಾಗುತ್ತದೆ. ಹಸಿರಾಗಿ ಕಂಡದ್ದೆಲ್ಲ ಜೀವಿಗಳಿಗೆ ಆಸರೆಯಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಗಿಡ ಬೆಳೆಸಿದರೆ ಚಿರತೆ ಬರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಭಯವನ್ನು ನಾವು ಹಗುರವಾಗಿ ಕಾಣಬಾರದು. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಒಬ್ಬ ಬಾಲಕನೂ ಸೇರಿ ನಾಲ್ವರು ಚಿರತೆ ದಾಳಿಗೆ ಪ್ರಾಣ ಕಳೆದುಕೊಂಡರು. ಮನುಷ್ಯನ ಜೀವ ಕಾಪಾಡುವುದು ನಮ್ಮ ಮೇಲಿನ ಹೊಣೆ. ಆದರೆ ಚಿರತೆ ಅಡಗುವುದು ಕಬ್ಬಿನ ಗದ್ದೆಯಲ್ಲಿ, ಪೊದೆಗಳಲ್ಲಿ. ಊರಿಗೆ ಬರುವುದು ಹೆಚ್ಚಾಗಿ ನಾಯಿ, ಮೇಕೆಗಳ ಆಸೆಗೆ. ಕಾಂಡ ಎತ್ತರವಾಗಿ ಬೆಳೆದ ಮರದ ಬುಡದಲ್ಲಿ ಅದಕ್ಕೆ ಮರೆಯಿಲ್ಲ. ಆದ್ದರಿಂದ ಮನೆ, ಶಾಲೆಯ ದಾರಿಯ ಪಕ್ಕದ ಪೊದೆ ತೆಗೆಯೋಣ, ಮರಗಳನ್ನು ಉಳಿಸೋಣ. ಇನ್ನೊಂದು ಮಾತು ನೇರವಾಗಿ ನಮಗೇ ಸೇರಿದ್ದು. ಬಕ್ರೀದ್ ದಿನದ ಮತ್ತು ಮಾಂಸದಂಗಡಿಯ ತ್ಯಾಜ್ಯ ರಸ್ತೆಬದಿಗೆ ಬಿದ್ದರೆ ನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ ಬರುತ್ತದೆ. ಅದನ್ನು ಆಳವಾಗಿ ಹೂಳುವುದು ಅಥವಾ ಕಸದ ವಾಹನಕ್ಕೆ ಕೊಡುವುದು ನೆರೆಯವರ ಹಕ್ಕು ಪಾಲಿಸಿದಂತೆ.

ಹಾಗಾದರೆ ಯಾವ ಗಿಡ ನೆಡಬೇಕು? ಈ ಮಣ್ಣಿನದೇ ಗಿಡ. ಅತ್ತಿ, ಆಲ, ಅರಳಿಯ ಹಣ್ಣು ಕೋಗಿಲೆ, ಗೊರವಂಕ, ಬಾವಲಿಗಳಿಗೆ ಆಹಾರ. ನೇರಳೆ, ಹುಣಸೆ, ಹೊಂಗೆ, ಬೇವು ಕಡಿಮೆ ನೀರಿನಲ್ಲೂ ನಿಲ್ಲುತ್ತವೆ. ನದಿದಂಡೆಗೆ ಹೊಳೆಮತ್ತಿ ಸರಿ. ಮಯ್ಯತ್‌ನ ಗುಸ್ಲ್‌ಗೆ ನಾವು ಹುಡುಕುವ ಬೋರೆ ಎಲೆಯ ಮರವನ್ನು ಖಬರಸ್ತಾನದಲ್ಲೇ ಬೆಳೆಸಬಹುದು. ಅದರ ಹಣ್ಣು ಮಕ್ಕಳಿಗೂ ಹಕ್ಕಿಗೂ ಇಷ್ಟ. ಆಲ, ಅರಳಿಯ ಬೇರು ಗೋಡೆ ಸೀಳುವುದರಿಂದ ಅವನ್ನು ಖಬರ್‌ಗಳಿಂದ, ಕಟ್ಟಡಗಳಿಂದ ದೂರ ನೆಡಬೇಕು.

ಖಬರಸ್ತಾನವನ್ನು ಸ್ವಚ್ಛಗೊಳಿಸುವ ಹೆಸರಿನಲ್ಲಿ ಜೆಸಿಬಿ ತಂದು ಹಳೆಯ ಮರಗಳನ್ನೂ ಉರುಳಿಸುವ ರೂಢಿ ನಿಲ್ಲಬೇಕು. ಪ್ರಯಾಣಿಕರಿಗೂ ಪ್ರಾಣಿಗಳಿಗೂ ನೆರಳಾಗಿದ್ದ ಬೋರೆ ಮರವನ್ನು ಅನ್ಯಾಯವಾಗಿ ಕಡಿಯುವವನಿಗೆ ಹದೀಸಿನಲ್ಲಿ ಕಠಿಣ ಎಚ್ಚರಿಕೆ ಇದೆಯೆಂದು ಇಮಾಮ್ ಅಬೂದಾವೂದ್ ವಿವರಿಸಿದ್ದಾರೆ. ಮುಳ್ಳುಕಳೆ, ಕಾಂಗ್ರೆಸ್ ಗಿಡ, ಲಂಟಾನ ಕೀಳಲಿ, ಮರಗಳು ಇರಲಿ.

ಸಹೋದರಿಯರಿಗೂ ಇದರಲ್ಲಿ ಪಾಲಿದೆ. ಹಿತ್ತಿಲ ಕರಿಬೇವು, ನಿಂಬೆಗಿಡದ ಹಸಿರು ಹುಳುಗಳೇ ನಾಳೆ ಚಿಟ್ಟೆಯಾಗುವವು. ಔಷಧಿ ಹೊಡೆಯದೆ ನಾಲ್ಕು ಎಲೆ ಅವುಗಳಿಗೆ ಬಿಟ್ಟರೆ ನಮ್ಮ ಸಾರಿಗೇನೂ ಕೊರತೆಯಾಗದು.

ಫೋಟೊ ತೆಗೆಸಿಕೊಂಡು ಗಿಡ ನೆಡುವುದು ಸುಲಭ. ಅದನ್ನು ಎರಡು ಬೇಸಿಗೆ ದಾಟಿಸುವುದೇ ಕಷ್ಟ. ಮೇಕೆ ಬಾಯಿ ಹಾಕದಂತೆ ಬೇಲಿ ಬೇಕು, ನೀರು ಬೇಕು. ಮಸೀದಿಯ ವುಝೂ ನೀರು ಚರಂಡಿಗೆ ಹೋಗುವ ಬದಲು ಗಿಡಗಳ ಬುಡಕ್ಕೆ ಹರಿಯಲಿ. ಒಂದೊಂದು ಗಿಡದ ಹೊಣೆಯನ್ನು ಒಂದೊಂದು ಮನೆ ವಹಿಸಿಕೊಳ್ಳಲಿ. ಅಗಲಿದ ತಂದೆತಾಯಿಯ ಹೆಸರಿನಲ್ಲಿ ನೆಟ್ಟರೆ ಅವರಿಗೂ ಪ್ರತಿಫಲ ತಲುಪಲಿ ಎಂದು ಪ್ರಾರ್ಥಿಸೋಣ.

ನಮ್ಮ ಊರುಗಳಲ್ಲಿ ಮನುಷ್ಯರನ್ನೂ ಮೂಕಜೀವಿಗಳನ್ನೂ ಅಲ್ಲಾಹನು ಕಾಪಾಡಲಿ. ನಾವು ನೆಡುವ ಗಿಡಗಳನ್ನು ನಿಲ್ಲದ ಸದಕಾ ಆಗಿ ಸ್ವೀಕರಿಸಲಿ. ಆಮೀನ್.