ಇಂಗ್ಲಿಷಿನ ವಾಕ್ಯಭೇದಗಳೂ ನಮ್ಮ ಮಕ್ಕಳೂ

"ವಾಕ್ಯಗಳು ಎಷ್ಟು ವಿಧ?" ಎಂದು ಉಪಾಧ್ಯಾಯರು ಕೇಳುತ್ತಾರೆ. ಹುಡುಗನು ಎದ್ದು ನಿಂತು ನಿರೂಪಣೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ನಾಲ್ಕನ್ನೂ ಒಪ್ಪಿಸುತ್ತಾನೆ. ಅವುಗಳ ಲಕ್ಷಣವೂ ಅವನಿಗೆ ಕಂಠಪಾಠ. ಆದರೆ ನೀರು ಕುಡಿದು ಬರಲು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳೆಂದರೆ ಅವನ ಬಾಯಿ ಕಟ್ಟುತ್ತದೆ. ಪ್ರಶ್ನೆಯ ಲಕ್ಷಣವನ್ನು ಬಲ್ಲವನು ಪ್ರಶ್ನಿಸಲಾರದೆ ಹೋಗುವುದೇಕೆ? ಶ್ರೋತೃಗಳೇ, ಇಂದು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ಈ ನಾಲ್ಕು ಬಗೆಗಳೂ ಮಗುವಿಗೆ ಹೊಸವಲ್ಲ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅದು ಮನೆಯಲ್ಲಿ ಹೇಳಿದೆ, ಕೇಳಿದೆ, ಬೇಡಿದೆ, ಬೆರಗಾಗಿದೆ. ಹೊಸದಾದುದು ಇಂಗ್ಲಿಷಿನ ರಚನಾಕ್ರಮ ಮಾತ್ರ. ಕನ್ನಡದಲ್ಲಿ "ಅವನು ಬಂದನು" ಎಂಬುದರ ಕೊನೆಯನ್ನಷ್ಟೇ ಬದಲಿಸಿ "ಅವನು ಬಂದನೆ?" ಎಂದರಾಯಿತು, ಪದಗಳು ಇದ್ದಲ್ಲಿಯೇ ಇರುತ್ತವೆ. ಇಂಗ್ಲಿಷಿನಲ್ಲಾದರೋ "ಹಿ ಈಸ್ ಹಿಯರ್" ಎಂಬುದು "ಈಸ್ ಹಿ ಹಿಯರ್?" ಎಂದು ಪಲ್ಲಟವಾಗಬೇಕು. "ಹಿ ಲೈಕ್ಸ್ ಮಿಲ್ಕ್" ಎಂಬಲ್ಲಿ ಅದೂ ಸಾಲದು, "ಡಸ್" ಎಂಬ ಸಹಾಯಕ ಪದವು ಮುಂದೆ ಬಂದು, ಕ್ರಿಯಾಪದದ ಬಾಲದ ಸಕಾರವನ್ನು ತಾನು ಹೊತ್ತು, "ಡಸ್ ಹಿ ಲೈಕ್ ಮಿಲ್ಕ್?" ಎಂದಾಗುತ್ತದೆ. ಮಗುವು "ಲೈಕ್ಸ್ ಹಿ ಮಿಲ್ಕ್?" ಎಂದರೆ ನಾವು ನಗಬಾರದು. ಷೇಕ್ಸ್‌ಪಿಯರನ (1564–1616) ಕಾಲದಲ್ಲಿ ಆ ಬಗೆಯ ಪ್ರಶ್ನೆಯೂ ಸಲ್ಲುತ್ತಿದ್ದಿತು.

ಆಜ್ಞೆಯ ತೊಡಕು ಬೇರೆ. ನಮ್ಮಲ್ಲಿ ತಮ್ಮನಿಗೆ "ಬಾ", ಅತಿಥಿಗೆ "ಬನ್ನಿ". ಇಂಗ್ಲಿಷಿನಲ್ಲಿ ಇಬ್ಬರಿಗೂ "ಕಮ್". ಬಹುವಚನವು ತರುವ ಗೌರವವನ್ನು ಅಲ್ಲಿ "ಪ್ಲೀಸ್" ಎಂಬ ಮಾತಾಗಲಿ, "ವಿಲ್ ಯು ಕಮ್ ಇನ್?" ಎಂಬ ಪ್ರಶ್ನೆಯಾಗಲಿ ತರಬೇಕು. ಇದು ರೂಪದಲ್ಲಿ ಪ್ರಶ್ನೆ, ಭಾವದಲ್ಲಿ ಬಿನ್ನಹ. ಉದ್ಗಾರಕ್ಕೆ ಕನ್ನಡವೇ ದಾರಿ ತೋರುತ್ತದೆ: "ಎಷ್ಟು ದೊಡ್ಡ ಮರ!" ಎಂಬುದರಂತೆ "ವಾಟ್ ಎ ಬಿಗ್ ಟ್ರೀ!" ಎಂಬುದೂ ಪ್ರಶ್ನೆಯ ಪದದಿಂದ ಮೊದಲಾಗಿ ಉತ್ತರವನ್ನು ಬೇಡದು.

ಆದುದರಿಂದ ಲಕ್ಷಣವು ಕೊನೆಗೆ ಬರಲಿ. ಮುಚ್ಚಿದ ಪೆಟ್ಟಿಗೆಯೊಳಗೆ ಮಾವಿನ ಹಣ್ಣೊಂದನ್ನಿಟ್ಟು, ಅದೇನೆಂಬುದನ್ನು ಮಕ್ಕಳೇ ಕೇಳಿ ತಿಳಿಯಲಿ: "ಈಸ್ ಇಟ್ ರೆಡ್?" "ಕ್ಯಾನ್ ವಿ ಈಟ್ ಇಟ್?" ಒಬ್ಬನು ಪೆಟ್ಟಿಗೆಯನ್ನು ತೆರೆಯೆನ್ನಲಿ, ಒಬ್ಬಳು ಕಂಡು ಬೆರಗಾಗಲಿ, ಮತ್ತೊಬ್ಬರು ಹಣ್ಣನ್ನು ವರ್ಣಿಸಲಿ. ನಾಲ್ಕು ವಾಕ್ಯಗಳೂ ಅಲ್ಲಿಯೇ ಹುಟ್ಟುತ್ತವೆ; ಹೆಸರನ್ನು ಆಮೇಲೆ ಇಡಬಹುದು.

ನಮ್ಮ ತರಗತಿಗಳಲ್ಲಿ ಪ್ರಶ್ನೆಯು ಬಹುಮಟ್ಟಿಗೆ ಉಪಾಧ್ಯಾಯರ ಸೊತ್ತು. ಮಕ್ಕಳ ಪಾಲಿಗೆ ಬರುವುದು ಉತ್ತರ. ಕೇಳುವ ಅವಕಾಶವಿಲ್ಲದ ಮಗುವಿಗೆ ಯಾವ ಭಾಷೆಯ ಪ್ರಶ್ನಾವಾಕ್ಯವೂ ಕೈಗೂಡದು. ದಿನಕ್ಕೊಂದನ್ನಾದರೂ ಪ್ರತಿ ಮಗುವೂ ಕೇಳಲಿ. ಅದು ತಪ್ಪಾಗಿ ಕೇಳಿದರೂ ಮೊದಲು ಉತ್ತರವನ್ನು ಕೊಡೋಣ; ತಿದ್ದುವುದು ಆಮೇಲೆ.