ಐವತ್ತೆರಡು ಸೆಕೆಂಡಿನ ಮೌನ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ 'ಕ್ರೀಡೆ ಮತ್ತು ದೇಶಭಕ್ತಿ'. ಮೂವತ್ತಕ್ಕೂ ಹೆಚ್ಚು ವರ್ಷ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನಿಗೆ ಇದು ಸಲೀಸಾದ ವಿಷಯ ಎಂದುಕೊಂಡಿರಬೇಕು. ಮನೆಯಲ್ಲಿ ಕುಳಿತು ಎರಡು ಸಲ ಬರೆದೆ, ಎರಡು ಸಲ ಹರಿದೆ. ಬರೆದದ್ದೆಲ್ಲ ಆಗಸ್ಟ್ ಹದಿನೈದಕ್ಕೆ ಎಲ್ಲರೂ ಆಡುವ ಮಾತೇ ಆಗಿತ್ತು. ಹಾಗಾಗಿ ಆ ವಿಷಯದ ಒಂದು ಮೂಲೆಯನ್ನಷ್ಟೇ ಹಿಡಿದು ಮಾತಾಡುತ್ತೇನೆ. ರಾಷ್ಟ್ರಗೀತೆ ನಡೆಯುತ್ತಿರುವಾಗ ಒಬ್ಬ ಆಟಗಾರ ಬಾಯಿ ಮುಚ್ಚಿಕೊಂಡು ನಿಂತರೆ ನಾವು ಏನು ಮಾಡಬೇಕು? ಇದು ನನಗೆ ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ಒಮ್ಮೆ ನಾನು ಇದಕ್ಕೆ ಉತ್ತರ ಕೊಟ್ಟೆ, ತಪ್ಪು ಉತ್ತರ ಕೊಟ್ಟೆ.

ಅದು 2000ನೇ ಇಸವಿ. ಆಗ ನಾನು ಜಿಲ್ಲೆಯ ಬೇರೊಂದು ಶಾಲೆಯಲ್ಲಿದ್ದೆ. ಆಲಮಟ್ಟಿಗೆ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ವರ್ಷ ಅದು. ಆ ಕಾಲವನ್ನು ಕಂಡ ಹಿರಿಯರು ಇಲ್ಲಿ ಬಹಳ ಮಂದಿ ಇದ್ದೀರಿ, ನಾನು ವಿವರಿಸಬೇಕಾಗಿಲ್ಲ. ನನ್ನ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಇದ್ದ. ಅವನ ಊರು ಗಂಟುಮೂಟೆ ಕಟ್ಟಿಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದಿತ್ತು. ತಗಡಿನ ಕೆಳಗೆ ಸಂಸಾರ. ಪರಿಹಾರದ ದುಡ್ಡಿಗಾಗಿ ಅವರಪ್ಪ ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದ. ಹುಡುಗ ಮಾತ್ರ ಓಡುತ್ತಿದ್ದ. ಕಾಲಲ್ಲಿ ಬೂಟಿಲ್ಲ, ಎರಿ ಹೊಲದ ಬದುವಿನ ಮೇಲೆ ಓಡಿ ಓಡಿ ಅಂಗಾಲು ಚಪ್ಪಲಿಯ ಹಾಗಾಗಿತ್ತು. ತಾಲ್ಲೂಕು ಕ್ರೀಡಾಕೂಟದಲ್ಲಿ 1500 ಮೀಟರ್ ಗೆದ್ದ. ಎರಡನೆಯವನು ಕೊನೆಯ ತಿರುವಿಗೆ ಬರುವ ಹೊತ್ತಿಗೆ ಇವನು ಸುಣ್ಣದ ಗೆರೆ ದಾಟಿ ನೀರು ಕುಡಿಯುತ್ತಿದ್ದ.

ಸಂಜೆ ಬಹುಮಾನ ವಿತರಣೆ. ಪದಕ ಹಾಕಿಸಿಕೊಂಡವರೆಲ್ಲ ವೇದಿಕೆಯ ಮುಂದೆ ಸಾಲಾಗಿ ನಿಂತಿದ್ದರು. 'ಸಾವಧಾನ್' ಆಯಿತು, ರಾಷ್ಟ್ರಗೀತೆ ಶುರುವಾಯಿತು. ಈ ಹುಡುಗ ನೆಟ್ಟಗೆ ನಿಂತಿದ್ದಾನೆ, ಕೈ ಬದಿಗಿವೆ, ತಲೆ ತಗ್ಗಿದೆ, ತುಟಿ ಅಲುಗುತ್ತಿಲ್ಲ. ಗೀತೆ ಮುಗಿದದ್ದೇ ತಡ, ವೇದಿಕೆಯಿಂದ ಯಾರೋ "ಯಾವ ಸಾಲೀ ಹುಡುಗಲೇ ಅಂವಾ?" ಎಂದರು. ನನ್ನ ಮುಖ ಸುಟ್ಟ ಹಾಗಾಯಿತು. ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ ಕೇಳಿದೆ:

"ಯಾಕಲೇ, ಯಾಕ ಹಾಡಲಿಲ್ಲ?"

"ನಮ್ಮ ಊರ ನೀರಾಗ ಹೊಂಟೈತ್ರಿ ಸರ್. ಹಾಡಬೇಕಂದ್ರ ಬಾಯಿಗೆ ಬರಲಿಲ್ರಿ."

ಇಷ್ಟೇ ಅವನು ಹೇಳಿದ್ದು. ಜಿಲ್ಲಾ ಮಟ್ಟಕ್ಕೆ ಹೋಗುವ ಪಟ್ಟಿಯಲ್ಲಿ ಅವನ ಹೆಸರಿಗೆ ಅಡ್ಡಗೆರೆ ಎಳೆದು ಎರಡನೆಯವನ ಹೆಸರು ಬರೆಯಲು ನಾನು ಒಪ್ಪಿದೆ. ಒಪ್ಪಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಯಾರೂ ಲಿಖಿತವಾಗಿ ಏನೂ ಹೇಳಿರಲಿಲ್ಲ, ಪೆನ್ನು ನನ್ನ ಕೈಯಲ್ಲೇ ಇತ್ತು. ಹುಡುಗ ಹತ್ತನೆಯ ತರಗತಿ ಮುಗಿಸಿದ. ಓಡುವುದನ್ನು ಮಾತ್ರ ಬಿಟ್ಟ.

ಇನ್ನು ಕಾನೂನಿನ ಮಾತಿಗೆ ಬರುತ್ತೇನೆ. ನನ್ನ ಮಗಳು ವಕೀಲಿಕೆ ಓದುವಾಗ ಒಂದು ದಿನ ಒಂದು ತೀರ್ಪಿನ ಪ್ರತಿ ತಂದು ನನ್ನ ಮುಂದಿಟ್ಟಳು. ಬಿಜೋ ಇಮ್ಯಾನುಯೆಲ್ ಪ್ರಕರಣ, ಸುಪ್ರೀಂ ಕೋರ್ಟ್, ಆಗಸ್ಟ್ 1986. ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು, ಒಬ್ಬ ಅಣ್ಣ, ಇಬ್ಬರು ತಂಗಿಯರು, ಹತ್ತು, ಒಂಬತ್ತು ಮತ್ತು ಐದನೆಯ ತರಗತಿಯವರು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ಅವರ ನಂಬಿಕೆಯ ಪ್ರಕಾರ ದೇವರಿಗಲ್ಲದೆ ಬೇರೆ ಯಾವುದಕ್ಕೂ ಪ್ರಾರ್ಥನೆ ಸಲ್ಲದು. ದಿನಾ ಬೆಳಿಗ್ಗೆ ರಾಷ್ಟ್ರಗೀತೆಗೆ ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. 1985ರ ಜುಲೈಯಲ್ಲಿ ಒಬ್ಬ ಶಾಸಕರು ಇದನ್ನು ಕಂಡು ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣಾ ಸಮಿತಿಯೊಂದು ಬಂದು, ಈ ಮಕ್ಕಳು ಒಳ್ಳೆಯವರು, ಅಗೌರವ ಏನೂ ತೋರಿಸಿಲ್ಲ ಎಂದು ವರದಿ ಕೊಟ್ಟಿತು. ಆದರೂ ಮೇಲಿನ ಆದೇಶದಂತೆ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಕೇರಳದ ಹೈಕೋರ್ಟಿನಲ್ಲಿ ಸೋತರು, ದಿಲ್ಲಿಯವರೆಗೆ ಹೋದರು.

ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರು ಇವರೇ, ಹಾಗಾಗಿ ಹೆಸರು ಹಿರಿಯರಿಗೆ ಪರಿಚಯವಿರುತ್ತದೆ. ಅವರು ಕೇಳಿದ ಪ್ರಶ್ನೆ ನೇರವಾಗಿದೆ: ಹಾಡಲೇಬೇಕು ಎಂದು ಯಾವ ಕಾನೂನು ಹೇಳುತ್ತದೆ? 1971ರ ರಾಷ್ಟ್ರೀಯ ಗೌರವ ಕಾಯ್ದೆಯನ್ನು ತೆಗೆದು ನೋಡಿದರು. ಬೇಕೆಂದೇ ಹಾಡುವುದನ್ನು ತಡೆದವರಿಗೆ, ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದವರಿಗೆ ಅದರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಸುಮ್ಮನೆ ನಿಂತವರಿಗೆ ಏನೂ ಇಲ್ಲ. ಸಂವಿಧಾನದ 51ಎ ವಿಧಿ ರಾಷ್ಟ್ರಗೀತೆಯನ್ನು ಗೌರವಿಸಬೇಕು ಎನ್ನುತ್ತದೆ. ಎದ್ದು ನಿಂತರೆ ಆ ಗೌರವ ಸಂದಾಯವಾಯಿತು. ಶಿಕ್ಷಣ ಇಲಾಖೆಯ ಸುತ್ತೋಲೆಯೊಂದು ಸಂವಿಧಾನದ 19 ಮತ್ತು 25ನೇ ವಿಧಿಗಳಿಗಿಂತ ದೊಡ್ಡದಲ್ಲ. ಮಾತಿನ ಸ್ವಾತಂತ್ರ್ಯ ಕೊಟ್ಟ ವಿಧಿಯ ನೆರಳಿನಲ್ಲಿ ಮೌನಕ್ಕೂ ಜಾಗ ಸಿಕ್ಕಿತು. ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶವಾಯಿತು. ಸಹನೆ ನಮ್ಮ ಪರಂಪರೆಯಲ್ಲೂ ಇದೆ, ಸಂವಿಧಾನದಲ್ಲೂ ಇದೆ, ಅದನ್ನು ತೆಳುವಾಗಿಸಬಾರದು ಎಂಬ ಅರ್ಥದ ಮಾತಿನೊಂದಿಗೆ ತೀರ್ಪು ಮುಗಿಯುತ್ತದೆ.

ಓದಿ ಮುಗಿಸಿ ಲೆಕ್ಕ ಹಾಕಿದೆ. ನಾನು ಆ ಹುಡುಗನ ಹೆಸರಿಗೆ ಗೆರೆ ಎಳೆಯುವ ಹದಿನಾಲ್ಕು ವರ್ಷ ಮೊದಲೇ ಈ ತೀರ್ಪು ಬಂದಿತ್ತು. ಪ್ರತಿದಿನ ಬೆಳಿಗ್ಗೆ ರಾಷ್ಟ್ರಗೀತೆ ಹಾಡಿಸುವ ನನಗೆ ಅದು ಗೊತ್ತಿರಲಿಲ್ಲ. ಗೀತೆಗೆ ಐವತ್ತೆರಡು ಸೆಕೆಂಡು ಎಂಬುದು ಗೊತ್ತಿತ್ತು, ಗಡಿಯಾರ ಹಿಡಿದು ಅಳೆಯುತ್ತಿದ್ದೆ.

ನೀವು ಕೇಳಬಹುದು, ಅವರದು ದೇವರ ನಂಬಿಕೆ, ಈ ಹುಡುಗನದು ಸರ್ಕಾರದ ಮೇಲಿನ ಸಿಟ್ಟು, ಎರಡೂ ಒಂದೇ ಹೇಗೆ? ನ್ಯಾಯವಾದ ಪ್ರಶ್ನೆ. ನಂಬಿಕೆಯ ಮಾತು 25ನೇ ವಿಧಿಗೆ ಬರುತ್ತದೆ, ನೋವನ್ನು ಹೇಳಿಕೊಳ್ಳುವುದು 19ಕ್ಕೆ ಬರುತ್ತದೆ. ಆದರೆ ಅವನೂ ಎದ್ದು ನಿಂತಿದ್ದ, ಯಾರ ಹಾಡಿಗೂ ಅಡ್ಡಿ ಮಾಡಿರಲಿಲ್ಲ. ದೇವರ ಹೆಸರು ಹೇಳಿದವನಿಗೆ ಒಂದು ನ್ಯಾಯ, ಊರು ಕಳೆದುಕೊಂಡೆ ಎಂದವನಿಗೆ ಇನ್ನೊಂದು ನ್ಯಾಯ ಮಾಡಲು ನನಗೆ ಕಾರಣ ಸಿಗುವುದಿಲ್ಲ.

ಆಟಗಾರರು ಹೀಗೆ ನಿಂತ ಕಥೆಗಳು ಜಗತ್ತಿನಲ್ಲಿ ಹಲವು. ಓಟದ ಮಾಸ್ತರನಾಗಿ ನನಗೆ ಹತ್ತಿರವಾದದ್ದು 1968ರ ಮೆಕ್ಸಿಕೊ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿನ ವಿಶ್ವದಾಖಲೆ ಬರೆದ. ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಎರಡನೆಯವನು, ಅಮೆರಿಕದವನೇ ಆದ ಜಾನ್ ಕಾರ್ಲೋಸ್ ಮೂರನೆಯವನು. ಇಬ್ಬರು ಅಮೆರಿಕನ್ನರೂ ಕರಿಯರು. ಪದಕದ ಕಟ್ಟೆಗೆ ಬೂಟಿಲ್ಲದೆ ಕರಿ ಸಾಕ್ಸಿನಲ್ಲಿ ಬಂದರು, ತಮ್ಮ ಜನರ ಬಡತನ ಕಾಣಲಿ ಎಂದು. ಗೀತೆ ಶುರುವಾದಾಗ ತಲೆ ತಗ್ಗಿಸಿ, ಕರಿ ಕೈಗವಸಿನ ಮುಷ್ಟಿ ಎತ್ತಿದರು. ಕಾರ್ಲೋಸ್ ತನ್ನ ಗವಸು ಮರೆತು ಬಂದಿದ್ದ. ಇದ್ದ ಒಂದೇ ಜೋಡಿಯನ್ನು ಹಂಚಿಕೊಳ್ಳಿ ಎಂದು ಸೂಚಿಸಿದವನು ನಾರ್ಮನ್. ಅದಕ್ಕೇ ಆ ಚಿತ್ರದಲ್ಲಿ ಒಬ್ಬನ ಬಲಗೈ, ಇನ್ನೊಬ್ಬನ ಎಡಗೈ ಮೇಲಿದೆ. ಇಬ್ಬರನ್ನೂ ಕೂಟದಿಂದ ಮನೆಗೆ ಕಳಿಸಿದರು. ಅವರಂತೆಯೇ ಎದೆಗೆ ಮಾನವ ಹಕ್ಕುಗಳ ಬಿಲ್ಲೆ ಸಿಕ್ಕಿಸಿಕೊಂಡು ನಿಂತಿದ್ದ ನಾರ್ಮನ್ನನನ್ನು 1972ರ ಒಲಿಂಪಿಕ್ಸಿಗೆ ಅವನ ದೇಶ ಕಳಿಸಲೇ ಇಲ್ಲ. ಅವನು 2006ರಲ್ಲಿ ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ. ಕ್ಷಮೆ ಕೇಳಿಸಿಕೊಳ್ಳಬೇಕಾದವನು ಸತ್ತು ಆರು ವರ್ಷವಾಗಿತ್ತು.

ಇತ್ತೀಚಿನದು, 2016ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್. ಕರಿಯರ ಮೇಲಿನ ಪೊಲೀಸರ ದೌರ್ಜನ್ಯ ಕಂಡು, ಗೀತೆಯ ಹೊತ್ತಿಗೆ ಮೊದಲು ಕುಳಿತೇ ಇದ್ದ. ಸೈನ್ಯದಲ್ಲಿದ್ದು ಬಂದ ಒಬ್ಬ ಆಟಗಾರ ಅವನ ಜೊತೆ ಕುಳಿತು ಮಾತಾಡಿದ. ಆಮೇಲೆ ಕುಳಿತುಕೊಳ್ಳುವುದನ್ನು ಬಿಟ್ಟು ಒಂದು ಮೊಣಕಾಲೂರಿದ. ಈ ಸಣ್ಣ ಸಂಗತಿ ನನಗೆ ಬಹಳ ಮುಖ್ಯ. ಸೈನಿಕ ಅವನನ್ನು ಬೈಯಲಿಲ್ಲ, ಕರೆದು ಕೇಳಿದ. ಆದರೂ ಮರುವರ್ಷದಿಂದ ಕೇಪರ್ನಿಕ್‌ನನ್ನು ಯಾವ ತಂಡವೂ ತೆಗೆದುಕೊಳ್ಳಲಿಲ್ಲ. 2022ರ ವಿಶ್ವಕಪ್ ಫುಟ್‌ಬಾಲಿನ ಮೊದಲ ಪಂದ್ಯದಲ್ಲಿ ಇರಾನಿನ ಹನ್ನೊಂದೂ ಜನ ತಮ್ಮ ದೇಶದ ಗೀತೆಗೆ ತುಟಿ ಬಿಚ್ಚದೆ ನಿಂತದ್ದನ್ನು ಟಿವಿಯಲ್ಲಿ ನಾನೇ ನೋಡಿದೆ. ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ನಮ್ಮ ತಾಲ್ಲೂಕಿನ ಮೈದಾನ.

ಮೊಣಕಾಲೂರುವುದು, ಕುಳಿತೇ ಇರುವುದು ನನಗೆ ಇವತ್ತಿಗೂ ಹಿಡಿಸುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಮಗನನ್ನು ಗಡಿಗೆ ಕಳಿಸಿದ ಮನೆಗಳಿವೆ. ಆ ತಾಯಿಗೆ ಅದು ಚುಚ್ಚುತ್ತದೆ, ಚುಚ್ಚುತ್ತದೆ ಎಂದು ಹೇಳುವ ಹಕ್ಕೂ ಆಕೆಗಿದೆ. ಹಿಡಿಸಲಿಲ್ಲ ಎನ್ನುವುದು ಬೇರೆ, ಊಟದ ತಾಟು ಕಸಿಯುವುದು ಬೇರೆ. 2019ರಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ಗೀತೆಗೆ ಎದ್ದು ನಿಲ್ಲದ ಕೆಲವರನ್ನು ಉಳಿದ ಪ್ರೇಕ್ಷಕರು ಸುತ್ತುವರಿದು ಗದರಿಸಿದ್ದು ನಿಮಗೆ ನೆನಪಿರಬಹುದು. ಚಿತ್ರಮಂದಿರದಲ್ಲಿ ಗೀತೆ ಕಡ್ಡಾಯ ಎಂದು 2016ರ ನವೆಂಬರಿನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟೇ 2018ರ ಜನವರಿಯಲ್ಲಿ ಅದನ್ನು ಸಡಿಲಿಸಿತ್ತು. ಗದರಿಸಿದವರಿಗೆ ಅದು ಗೊತ್ತಿತ್ತೋ ಇಲ್ಲವೋ. ನನಗೂ ಒಮ್ಮೆ ಗೊತ್ತಿರಲಿಲ್ಲವಲ್ಲ.

ನಾವಿರುವ ಜಾಗವನ್ನೂ ಸ್ವಲ್ಪ ನೆನೆಯಬೇಕು. ಇಲ್ಲಿಂದ ಬಾಗೇವಾಡಿ ಎಷ್ಟು ದೂರ? ಉಪನಯನ ಮಾಡಿಸಲು ಮನೆಯವರೆಲ್ಲ ಸೇರಿದಾಗ ಒಬ್ಬ ಸಣ್ಣ ಹುಡುಗ ಬೇಡ ಎಂದು ಎದ್ದು ಹೋದ ಎಂಬ ಕಥೆಯನ್ನು ನಾವೆಲ್ಲ ಅಜ್ಜಿಯ ತೊಡೆಯ ಮೇಲೆ ಕೇಳಿದ್ದೇವೆ. ಆ ಹುಡುಗನ ಹೆಸರಿನಲ್ಲೇ ನಮ್ಮ ಊರುಗಳಲ್ಲಿ ಜಯಂತಿ, ಮೆರವಣಿಗೆ ಎಲ್ಲ ನಡೆಯುತ್ತವೆ. ಅವತ್ತು ಆ ಮನೆಯಲ್ಲಿ ನಾನಿದ್ದಿದ್ದರೆ ಯಾರ ಪಕ್ಕ ನಿಲ್ಲುತ್ತಿದ್ದೆ ಎಂದು ಕೇಳಿಕೊಂಡರೆ ನನಗೆ ಧೈರ್ಯದ ಉತ್ತರ ಬರುವುದಿಲ್ಲ.

ಮಕ್ಕಳೇ, ನಾನು ಹಾಡಬೇಡಿ ಎನ್ನುತ್ತಿಲ್ಲ. ಎದೆ ತುಂಬಿ ಹಾಡಿ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ನಾನೂ ಬಂದು ನಿಮ್ಮ ಜೊತೆ ಹಾಡುತ್ತೇನೆ, ಶ್ರುತಿ ತಪ್ಪಿದರೆ ನಗಬೇಡಿ. ಪಕ್ಕದವನ ತುಟಿ ಅಲುಗದಿದ್ದರೆ ಗೀತೆ ಮುಗಿದ ಮೇಲೆ "ಏನಾತೋ?" ಎಂದು ಕೇಳಿ. ಶಿಕ್ಷಕ ಮಿತ್ರರಲ್ಲೂ ಇದೇ ವಿನಂತಿ. ನಾನೂ ಕೇಳಿದ್ದೆ, ಉತ್ತರ ಬಂದಿತ್ತು, ಕೇಳಿಸಿಕೊಳ್ಳಲಿಲ್ಲ.

ನಾಲ್ಕೈದು ವರ್ಷದ ಹಿಂದೆ ಆ ಹುಡುಗ ನಿಡಗುಂದಿ ಬಸ್ ನಿಲ್ದಾಣದಲ್ಲಿ ಸಿಕ್ಕ. ನಾನು ಗುರುತು ಹಿಡಿಯಲಿಲ್ಲ, ಅವನೇ ಹಿಡಿದ. "ಆರಾಮ ಅದೀರಿ ಸರ್?" ಎಂದು ಬಗ್ಗಿ ಕಾಲು ಮುಟ್ಟಿದ. ಚಹಾ ಕುಡಿಸಿದ, ದುಡ್ಡು ನನಗೆ ಕೊಡಗೊಡಲಿಲ್ಲ. ಹೊಲ ಹೋದದ್ದು, ತಮ್ಮನ ಮದುವೆ, ಮಗಳ ಶಾಲೆ, ಎಲ್ಲ ಹೇಳಿದ. ಆ ಸಂಜೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಬಸ್ಸು ಬಂತು, ಹತ್ತಿದೆ.

ಕೊನೆಗೊಂದು ಚಿಕ್ಕ ವಿಷಯ. ಸುವರ್ಣ ಮಹೋತ್ಸವದ ದತ್ತಿನಿಧಿಗೆ ನನ್ನ ಪಿಂಚಣಿಯಿಂದ ಸ್ವಲ್ಪ ಹಣ ಕೊಟ್ಟಿದ್ದೇನೆ. ಅದರ ಬಡ್ಡಿಯಿಂದ ಪ್ರತಿವರ್ಷ ಈ ಶಾಲೆಯಲ್ಲಿ 1500 ಮೀಟರ್ ಗೆದ್ದ ಹುಡುಗನಿಗೊಂದು, ಹುಡುಗಿಗೊಂದು ಜೊತೆ ಓಟದ ಬೂಟು ಕೊಡಬೇಕು. ನಿಯಮದ ಕಾಗದ ಬರೆಯುವಾಗ ಮುಖ್ಯೋಪಾಧ್ಯಾಯರು ಕೇಳಿದರು, ನಡತೆ, ಹಾಜರಾತಿ, ಇಂಥ ಷರತ್ತು ಏನಾದರೂ ಹಾಕಲೇ ಎಂದು. ಮೊದಲು ಗೆರೆ ದಾಟಿದವರಿಗೆ ಎಂದಷ್ಟೇ ಬರೆಯಿರಿ ಸರ್ ಎಂದೆ. ಹಾಗೇ ಬರೆದಿದ್ದಾರೆ.