19 ಮೆಟ್ಟಿಲು, ಎರಡು ಕುರ್ಚಿ, ಒಂದು ಕೀ: ಮನೆಗೆ ಸ್ಟೇರ್‌ಲಿಫ್ಟ್ ಹಾಕಿಸಿದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯಲ್ಲಿ ಎಸ್‌ಐಪಿ ಇಲ್ಲ, ಷೇರು ಇಲ್ಲ, ಚೀಟಿ ವ್ಯವಹಾರ ಇಲ್ಲ. ಇವತ್ತು ಮೆಟ್ಟಿಲಿನ ವಿಷಯ. ನಮ್ಮನೆ ಮೆಟ್ಟಿಲು. ಒಟ್ಟು 19. ಹುಟ್ಟಿದಾಗಿಂದ ಹತ್ತಿ ಇಳಿದಿದ್ದೀನಿ, ಒಂದು ಸಲವೂ ಎಣಿಸಿರಲಿಲ್ಲ. ಹೋದ ವರ್ಷ ಎಣಿಸಬೇಕಾಯ್ತು.

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿದೆ. ತಾತ ಕಟ್ಟಿಸಿದ್ದು. ಆ ಕಡೆಯ ಹಳೇ ಮನೆಗಳನ್ನ ನೋಡಿದವರಿಗೆ ಗೊತ್ತಿರುತ್ತೆ. ಕೆಳಗೆ ಗಾಡಿ ನಿಲ್ಲಿಸೋ ಜಾಗ, ಅದರ ಹಿಂದೆ ಬಾಡಿಗೆಗೆ ಅಂತ ಒಂದು ರೂಮಿನ ಮನೆ, ಮೇಲೆ ನಾವು. ಮೆಟ್ಟಿಲು ಮನೆ ಹೊರಗಡೆ, ಕಾಂಪೌಂಡ್ ಪಕ್ಕದಲ್ಲಿ. 11 ಮೆಟ್ಟಿಲು ಹತ್ತಿದ್ರೆ ಒಂದು ಲ್ಯಾಂಡಿಂಗ್. ಅಲ್ಲಿ ತಿರುಗಿ ಇನ್ನೂ 8.

ನಮ್ಮ ಅಜ್ಜಿಗೆ 79. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಚೆನ್ನಾಗೇ ಆಯ್ತು. ವಾಕರ್ ಹಿಡಿದು ಮನೆಯೊಳಗೆ ಓಡಾಡ್ತಾರೆ, ದೇವರ ಮನೆಗೆ ಹೋಗ್ತಾರೆ, ತಮ್ಮ ತಟ್ಟೆ ತಾವೇ ತೊಳೀತಾರೆ. ಮೆಟ್ಟಿಲು ಮಾತ್ರ ಆಗಲ್ಲ. ಚೆಕಪ್‌ಗೆ ಹೋಗಬೇಕಾದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಬೀದಿಯ ಇಬ್ಬರು ಹುಡುಗರು ಎತ್ಕೊಂಡು ಇಳಿಸ್ತಿದ್ರು. ಮೂರನೇ ಸಲ ಲ್ಯಾಂಡಿಂಗ್ ಹತ್ರ ತಿರುಗೋವಾಗ ಒಬ್ಬನ ಕೈ ಜಾರಿ ಕುರ್ಚಿ ವಾಲ್ತು. ಅಜ್ಜಿ ಗೋಡೆ ಹಿಡಿದುಕೊಂಡ್ರು. ಅಂಗೈ ತರಚಿದ್ದು ಬಿಟ್ರೆ ಏನೂ ಆಗಲಿಲ್ಲ. ಆದ್ರೆ ಮುಂದಿನ ಚೆಕಪ್‌ಗೆ ಬರಲ್ಲ ಅಂದ್ಬಿಟ್ರು. "ಇನ್ನು ನಾನು ಇಳಿಯೋದು ನಾಲ್ಕು ಜನದ ಹೆಗಲ ಮೇಲೇ ಬಿಡು ಪುಟ್ಟಿ" ಅಂದ್ರು. ನಗ್ತಾನೇ ಹೇಳಿದ್ರು. ಅವತ್ತು ರಾತ್ರಿ ನಾನು ಲ್ಯಾಪ್‌ಟಾಪ್ ತೆಗೆದು ಕೂತೆ.

ಬಿ.ಕಾಂ ಮಾಡಿದವರ ಕಷ್ಟ ನಿಮಗೆ ಗೊತ್ತಲ್ಲ. ದುಃಖ ಬಂದ್ರೂ ಎಕ್ಸೆಲ್ ಶೀಟ್ ತೆಗೀತೀವಿ.

ಮೊದಲ ಕಾಲಂ: ಕೆಳಗಿನ ಮನೆಗೆ ಹೋಗೋದು. ನಾವು ಐದು ಜನ, ಅದು ಒಂದು ರೂಮಿನ ಮನೆ. ಎಲ್ಲರೂ ಹಿಡಿಸಲ್ಲ. ಬಾಡಿಗೆಯವರನ್ನ ಬಿಡಿಸಿ ಅಜ್ಜಿಯನ್ನ ಮಾತ್ರ ಕೆಳಗೆ ಇಡೋದಾ? ಬಾಡಿಗೆ ತಿಂಗಳಿಗೆ 16,000. ವರ್ಷಕ್ಕೆ 1,92,000 ಹೋಗುತ್ತೆ. ಹತ್ತು ತಿಂಗಳ ಅಡ್ವಾನ್ಸ್ 1,60,000 ವಾಪಸ್ ಕೊಡಬೇಕು. ಅವರ ಮಗ ಬೇರೆ ಎಸ್ಸೆಸ್ಸೆಲ್ಸಿ. ಇಷ್ಟೆಲ್ಲ ಲೆಕ್ಕ ಹಾಕಿ ಅಪ್ಪನ ಮುಂದೆ ಇಟ್ಟೆ. ಅಜ್ಜಿ ಒಳಗಿಂದ ಕೇಳಿಸ್ಕೊಂಡ್ರು. "ನಾನು ಕಟ್ಟಿಸಿದ ಮನೇಲಿ ನನ್ನನ್ನೇ ಬಾಡಿಗೆ ಮನೆಗೆ ಕಳಿಸ್ತೀಯೇನೋ ಮಗಾ?" ಅಂದ್ರು ಅಪ್ಪನಿಗೆ. ಆ ಕಾಲಂ ಅಲ್ಲಿಗೆ ಮುಗೀತು.

ಎರಡನೇ ಕಾಲಂ: ಮನೆ ಲಿಫ್ಟ್. ಗಾಡಿ ನಿಲ್ಲಿಸೋ ಜಾಗ ಪೂರ್ತಿ ಹೋಗುತ್ತೆ, ಮೇಲಿನ ಸ್ಲ್ಯಾಬ್ ಕತ್ತರಿಸಬೇಕು, ನಮಗೆ ಬಂದ ಕೊಟೇಶನ್ ಹತ್ತು ಲಕ್ಷ ದಾಟಿತ್ತು. ಮುಂದಕ್ಕೆ ಹೋಗಲಿಲ್ಲ.

ಮೂರನೇದು ಸ್ಟೇರ್‌ಲಿಫ್ಟ್. ನೋಡದವರಿಗೆ ಹೇಳ್ತೀನಿ. ಮೆಟ್ಟಿಲಿನ ಒಂದು ಪಕ್ಕಕ್ಕೆ ಹಳಿ ಥರ ಒಂದು ರೈಲ್, ಅದರ ಮೇಲೆ ಹತ್ತಿ ಇಳಿಯೋ ಕುರ್ಚಿ. ರೈಲನ್ನ ಗೋಡೆಗೆ ಹೊಡೀತಾರೆ ಅಂತ ಎಲ್ಲರೂ ಅಂದ್ಕೋತಾರೆ. ಸಾಮಾನ್ಯವಾಗಿ ಮೆಟ್ಟಿಲಿಗೇ ಕಾಲು ಕೊಟ್ಟು ಬೋಲ್ಟ್ ಹಾಕ್ತಾರೆ. ಕುರ್ಚಿ ಓಡೋದು ಬ್ಯಾಟರಿಯಲ್ಲಿ, ಮನೆ ಕರೆಂಟು ಅದನ್ನ ಚಾರ್ಜ್ ಮಾಡುತ್ತೆ ಅಷ್ಟೇ. ಹಾಗಾಗಿ ಕರೆಂಟ್ ಹೋದ್ರೂ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ಳೋ ಭಯ ಇಲ್ಲ. ವೇಗ ಸೆಕೆಂಡಿಗೆ 10ರಿಂದ 15 ಸೆಂಟಿಮೀಟರ್. ಕಾಲಿಡೋ ಹಲಗೆಗೆ ಏನಾದ್ರೂ ತಗುಲಿದ್ರೆ ತಾನೇ ನಿಲ್ಲುತ್ತೆ. ಬೆಲ್ಟ್ ಇರುತ್ತೆ. ಮೇಲೆ ತಲುಪಿದ ಮೇಲೆ ಕುರ್ಚಿ ನೆಲದ ಕಡೆ ತಿರುಗುತ್ತೆ, ಮೆಟ್ಟಿಲಿಗೆ ಬೆನ್ನು ಹಾಕಿ ಇಳೀಬಹುದು. ಸೊಂಟ ಮುರಿದವರಿಗೆ ಇದು ದೊಡ್ಡ ವಿಷಯ.

ಬೆಲೆ ನಿರ್ಧಾರ ಆಗೋದು ಒಂದೇ ಪ್ರಶ್ನೆಯಿಂದ: ನಿಮ್ಮ ಮೆಟ್ಟಿಲು ನೆಟ್ಟಗಿದೆಯಾ, ತಿರುಗುತ್ತಾ? ನೇರ ಮೆಟ್ಟಿಲಿನ ರೈಲ್ ರೆಡಿ ಇರುತ್ತೆ, ಉದ್ದಕ್ಕೆ ಕತ್ತರಿಸಿ ಹಾಕ್ತಾರೆ. ತಿರುವು ಇದ್ರೆ ನಿಮ್ಮ ಮೆಟ್ಟಿಲಿನ ಅಳತೆಗೇ ರೈಲ್ ಬಗ್ಗಿಸಿ ಮಾಡಿಸಬೇಕು. ಅದು ಇನ್ನೊಬ್ಬರ ಮನೆಗೆ ಕೂರಲ್ಲ. ಅಂದ್ರೆ ಮುಂದೆ ಮಾರ್ತೀನಿ ಅಂದ್ರೆ ರೈಲ್‌ಗೆ ಗುಜರಿ ಬೆಲೆ. ನಮ್ಮ 11 ಪ್ಲಸ್ 8ಕ್ಕೆ ಬಾಗಿದ ರೈಲಿನ ಕೊಟೇಶನ್ ಜಿಎಸ್‌ಟಿ ಸೇರಿ 8,40,000.

ಇಲ್ಲಿ ನಾನು ಮಾಡಿದ ತಪ್ಪು ಹೇಳ್ಬೇಕು. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ತು. ನೇರ ರೈಲ್, 90,000. ಮೊದಲ 11 ಮೆಟ್ಟಿಲಿಗೆ ಇದು, ಉಳಿದ 8ಕ್ಕೆ ಆಮೇಲೆ ನೋಡೋಣ ಅಂತ 25,000 ಅಡ್ವಾನ್ಸ್ ಹಾಕ್ಬಿಟ್ಟೆ. ಯಾರನ್ನೂ ಕೇಳಲಿಲ್ಲ. ಅಳತೆ ತಗೊಂಡಾಗ ರೈಲ್ ಒಂದೂವರೆ ಅಡಿ ಗಿಡ್ಡ. ಉದ್ದ ಇದ್ರೆ ಕತ್ತರಿಸಬಹುದು, ಗಿಡ್ಡ ಇದ್ರೆ ಅದೇ ಮಾಡೆಲ್‌ನ ಇನ್ನೊಂದು ತುಂಡು ಸಿಗಬೇಕು. ಆ ಮಾಡೆಲ್ ಬರೋದೇ ನಿಂತಿತ್ತು. ಇನ್ನೂ ಮುಖ್ಯವಾದದ್ದು, ಅದು ಮನೆಯೊಳಗಿನ ಮಾಡೆಲ್. ನಮ್ಮದು ಹೊರಗಿನ ಮೆಟ್ಟಿಲು, ಮಳೆ ಎರಚಲು ಹೊಡೆಯುತ್ತೆ. ಹೊರಗಡೆಗೆ ಬೇರೆ ಮಾಡೆಲ್ ಇದೆ, ಕವರ್ ಜೊತೆ ಬರುತ್ತೆ. ಮಾರಿದವರು ಬೈದಾಡಿ 10,000 ವಾಪಸ್ ಕೊಟ್ರು. 15,000 ಹೋಯ್ತು. ಅವರನ್ನ ಬೈದು ಏನು ಪ್ರಯೋಜನ, ನಾನು ಮೊದಲು ಬೆಲೆ ಕೇಳಿದೆ, ಆಮೇಲೆ ಮಾಡೆಲ್ ಕೇಳಿದೆ. ಯೂಟ್ಯೂಬ್‌ನಲ್ಲಿ ನಾನು ನೋಡಿದ ವಿಡಿಯೋಗಳೆಲ್ಲ ಇಂಗ್ಲೆಂಡ್‌ದು. ಅಲ್ಲಿ ಮರದ ಮೆಟ್ಟಿಲು, ಮೇಲೆ ಕಾರ್ಪೆಟ್, ಎಲ್ಲ ಮನೆಯೊಳಗೆ. ಅರ್ಹತೆ ಇದ್ದವರಿಗೆ ಅಲ್ಲಿನ ಸ್ಥಳೀಯ ಆಡಳಿತವೇ 30,000 ಪೌಂಡ್ ತನಕ ಅನುದಾನ ಕೊಡುತ್ತೆ. ನಮ್ಮದು ಗ್ರಾನೈಟ್ ಮೆಟ್ಟಿಲು, ನೆತ್ತಿ ಮೇಲೆ ಆಕಾಶ, ಅನುದಾನ ಅಪ್ಪನ ಎಫ್‌ಡಿ.

ಕೊನೆಗೆ ಆರಿಸಿದ್ದು ಏನಂದ್ರೆ, ಎರಡು ನೇರ ರೈಲು, ಎರಡು ಕುರ್ಚಿ. ಕೆಳಗಿನ 11ಕ್ಕೆ ಒಂದು, ಮೇಲಿನ 8ಕ್ಕೆ ಇನ್ನೊಂದು. ಲ್ಯಾಂಡಿಂಗ್‌ನಲ್ಲಿ ಅಜ್ಜಿ ಎದ್ದು ಕುರ್ಚಿ ಬದಲಾಯಿಸಬೇಕು. ಎಲ್ಲ ಸೇರಿ 5,20,000. ಬಾಗಿದ ರೈಲಿಗಿಂತ 3,20,000 ಕಡಿಮೆ. ಕಾಗದದ ಮೇಲೆ ಸುಲಭ. ಆದ್ರೆ ಆ ಎದ್ದು ಕೂರೋದೇ ಅಪಾಯದ ಜಾಗ ಅಂತ ಫಿಜಿಯೋಥೆರಪಿಸ್ಟ್ ಎಚ್ಚರಿಸಿದ್ರು. ದುಡ್ಡು ಕೊಡೋಕೆ ಮುಂಚೆ ಅವರನ್ನೇ ಮನೆಗೆ ಕರೆಸಿದ್ವಿ. ಎರಡು ಕುರ್ಚಿ ಎಲ್ಲಿ ನಿಲ್ಲುತ್ತೆ ಅಂತ ಅಮ್ಮ ರಂಗೋಲಿ ಪುಡಿಯಲ್ಲಿ ಲ್ಯಾಂಡಿಂಗ್ ಮೇಲೆ ಗೆರೆ ಹಾಕಿದ್ರು. ಮನೆಯೊಳಗೆ ಹಾಲ್‌ನಲ್ಲಿ ಅಷ್ಟೇ ಜಾಗ ಬಿಟ್ಟು ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಗೋಡೆಗೆ ಒಂದು ಹಿಡಿಕೆ ಹಾಕಿಸಿ, ಅಜ್ಜಿಗೆ ಒಂದು ವಾರ ಅಭ್ಯಾಸ ಮಾಡಿಸಿದ್ವಿ. ಏಳೋದು, ಹಿಡಿಕೆ ಹಿಡಿಯೋದು, ಮೂರು ಹೆಜ್ಜೆ, ತಿರುಗೋದು, ಕೂರೋದು. ನಾಲ್ಕನೇ ದಿನ ಯಾರ ಕೈಯೂ ಹಿಡೀದೆ ಮಾಡಿದ್ರು. ಆಮೇಲೆ ಆರ್ಡರ್ ಕೊಟ್ವಿ. ನಿಮ್ಮನೆಯಲ್ಲಿ ಎದ್ದು ನಿಲ್ಲೋಕೇ ಆಗದವರು ಇದ್ರೆ ಈ ದಾರಿ ಬೇಡ. ಮೂರು ಲಕ್ಷ ಉಳಿಸೋಕೆ ಹೋಗಿ ಇನ್ನೊಂದು ಮೂಳೆ ಮುರಿಸ್ಕೋಬೇಡಿ.

ಈಗ ದುಡ್ಡು. ಅಪ್ಪನ ಎಫ್‌ಡಿ 2,00,000. ಅತ್ತೆ 1,00,000 ಕೊಟ್ರು, ಚಿಕ್ಕಪ್ಪ 70,000. ಉಳಿದ 1,50,000 ನನ್ನ ಪರ್ಸನಲ್ ಲೋನ್. ಶೇಕಡ 12 ಬಡ್ಡಿ, 24 ತಿಂಗಳು, ಇಎಂಐ 7,061. ಬಡ್ಡಿಯೇ ಸುಮಾರು 19,500 ಆಗುತ್ತೆ. ಇದರಲ್ಲೂ ಒಂದು ಪಾಠ ಇದೆ. ಎಫ್‌ಡಿ ಮುರಿಯೋ ಬದಲು ಅದರ ಮೇಲೇ ಸಾಲ ತಗೋಬಹುದು. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚಿರುತ್ತೆ ಅಷ್ಟೇ, ಪರ್ಸನಲ್ ಲೋನ್‌ಗಿಂತ ಸಾಮಾನ್ಯವಾಗಿ ಅಗ್ಗ. ನಮ್ಮಪ್ಪ ಬ್ಯಾಂಕಿಗೆ ಹೋಗಿ ಮುರಿಸಿ ಬಂದ ಮೇಲೆ ನನಗೆ ಹೇಳಿದ್ರು.

ಹೆಲ್ತ್ ಇನ್ಶೂರೆನ್ಸ್? ನಮ್ಮ ಪಾಲಿಸಿಯಲ್ಲಿ ಆಸ್ಪತ್ರೆ ಖರ್ಚು ಬಂತು, ಕುರ್ಚಿಗೆ ಒಂದು ರೂಪಾಯಿಯೂ ಬರಲಿಲ್ಲ. ಆದಾಯ ತೆರಿಗೆ ಬಗ್ಗೆ ತುಂಬಾ ಜನ ಕೇಳ್ತೀರ, ಹಾಗಾಗಿ ಹೇಳ್ತೀನಿ. 1961ರ ಕಾಯ್ದೆಯಲ್ಲಿ 80ಡಿಡಿ ಅಂತ ಒಂದು ಸೆಕ್ಷನ್. ಅವಲಂಬಿತರಿಗೆ ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯ ಇದ್ರೆ 75,000, ಶೇಕಡ 80 ಅಥವಾ ಹೆಚ್ಚು ಇದ್ರೆ 1,25,000 ಕಡಿತ. ಅದು ಕುರ್ಚಿ ಬೆಲೆಗೆ ತಕ್ಕಂತೆ ಏರಿಳಿಯಲ್ಲ, ನಿಗದಿ ಮೊತ್ತ. ಸರ್ಟಿಫಿಕೇಟ್ ಬೇಕು. ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಮಾತ್ರ. ಅಪ್ಪ ಅಮ್ಮಂದಿರಿಗಾಗಿ ಮಕ್ಕಳು ಕೇಳಬಹುದು, ಅಜ್ಜಿಗಾಗಿ ಮೊಮ್ಮಗಳು ಕೇಳೋಕೆ ಬರಲ್ಲ. ನಮ್ಮಪ್ಪ ಹೊಸ ಪದ್ಧತಿಯಲ್ಲಿದ್ದಾರೆ, ಅಜ್ಜಿಗೆ ಅವರದ್ದೇ ಫ್ಯಾಮಿಲಿ ಪೆನ್ಷನ್ ಬರುತ್ತೆ. ಹಾಗಾಗಿ ನಮಗೆ ಸೊನ್ನೆ. ನಿಮ್ಮ ಲೆಕ್ಕ ಬೇರೆ ಇರಬಹುದು, ಖರೀದಿಗೆ ಮುಂಚೆ ನಿಮ್ಮ ಆಡಿಟರ್‌ನ ಒಂದು ಮಾತು ಕೇಳಿ.

ನನ್ನ ಎಕ್ಸೆಲ್‌ನಲ್ಲಿ ಇಲ್ಲದೆ ಬಂದ ಖರ್ಚುಗಳು ಇವು. ಬೋಲ್ಟ್ ಹೊಡೆಯೋವಾಗ ಎರಡು ಗ್ರಾನೈಟ್ ಕಲ್ಲು ಸೀಳಿತು, ಬದಲಾಯಿಸೋಕೆ 6,500. ಲ್ಯಾಂಡಿಂಗ್ ಮೇಲೆ ಶೀಟಿನ ಸೂರು, 18,000. ಮೇಲೊಂದು ಕೆಳಗೊಂದು ವಾಕರ್ ಬೇಕಲ್ಲ, ಅಜ್ಜಿ ಜೊತೆ ವಾಕರ್ ಕುರ್ಚಿ ಹತ್ತಲ್ಲ! ಅದಕ್ಕೆ ಇನ್ನೊಂದು ವಾಕರ್. ಆಮೇಲೆ ವರ್ಷದ ಸರ್ವೀಸ್ ಕಾಂಟ್ರಾಕ್ಟ್ 14,000, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ. ಸರ್ವೀಸ್ ದುಡ್ಡು ಯಾರು ಕಟ್ಟೋದು ಅಂತ ಮಾತು ಬಂದಾಗ ಅಜ್ಜಿ, "ನನ್ನ ಪೆನ್ಷನ್‌ನಲ್ಲಿ ಕಟ್ತೀನಿ, ನಿಮ್ಮ ಹಂಗು ಬೇಡ" ಅಂದ್ರು. ಈಗಲೂ ಅವರೇ ಕಟ್ಟೋದು.

ಅಂಗಡಿಯವರನ್ನ ಕೇಳಬೇಕಾದ್ದು ಚುಟುಕಾಗಿ ಹೇಳ್ಬಿಡ್ತೀನಿ, ಬರ್ಕೊಳ್ಳಿ. ಕುರ್ಚಿ ಮಡಚಿದಾಗ ಮೆಟ್ಟಿಲಲ್ಲಿ ಎಷ್ಟು ಜಾಗ ಉಳಿಯುತ್ತೆ? ನಮ್ಮ ಮೆಟ್ಟಿಲು 2 ಅಡಿ 10 ಇಂಚು ಅಗಲ, ಈಗ ಒಬ್ಬರು ಆರಾಮಾಗಿ ಹೋಗಬಹುದು, ಗ್ಯಾಸ್ ಸಿಲಿಂಡರ್ ತರೋವಾಗ ಕಷ್ಟ. ಎಷ್ಟು ಕೆಜಿ ತಡೆಯುತ್ತೆ? ಕೂತಾಗ ಮಂಡಿ ಎಷ್ಟು ಬಗ್ಗಬೇಕು? ಸ್ವಿಚ್ ಬಲಗೈಗಾ, ಎಡಗೈಗಾ? ಎಲ್ಲಿ ನಿಲ್ಲಿಸಿದ್ರೆ ಚಾರ್ಜ್ ಆಗುತ್ತೆ? ನಮ್ಮದು ಎರಡು ತುದಿಯಲ್ಲಿ ಮಾತ್ರ ಚಾರ್ಜ್ ಆಗೋದು. ರಿಪೇರಿಗೆ ಬರೋ ಹುಡುಗ ಇದೇ ಊರಲ್ಲಿದ್ದಾನಾ, ಬಿಡಿಭಾಗ ಇಲ್ಲೇ ಸ್ಟಾಕ್ ಇದೆಯಾ? ವಾಪಸ್ ಕೊಂಡ್ಕೊಳ್ತೀರಾ, ಎಷ್ಟಕ್ಕೆ? ಉತ್ತರ ಬಾಯಿ ಮಾತಲ್ಲಿ ಬೇಡ, ಕೊಟೇಶನ್ ಮೇಲೇ ಬರೆಸಿ.

ಮೊದಲ ದಿನ ಅಜ್ಜಿ ಸೀರೆ ನೆರಿಗೆ ಒತ್ತಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟ್ ಹಾಕ್ಕೊಂಡು ಕೂತ್ರು. ಬಟನ್ ಒತ್ತಿ ಹಿಡಿಯಬೇಕು, ಬಿಟ್ರೆ ನಿಲ್ಲುತ್ತೆ. ಮೂರು ಸಲ ಬಿಟ್ರು. ಕೆಳಗೆ ಹೋಗೋಕೆ ಹೆಚ್ಚು ಹೊತ್ತು ಬೇಡ, ನಮಗೆ ಅರ್ಧ ಗಂಟೆ ಆದ ಹಾಗಿತ್ತು. ಗೇಟ್ ತನಕ ವಾಕರ್‌ನಲ್ಲಿ ನಡೆದು, ಹೂವಿನವಳ ಹತ್ರ ಎರಡು ಮೊಳ ಮಲ್ಲಿಗೆಗೆ ಚೌಕಾಸಿ ಮಾಡಿ, ಮೇಲೆ ಬಂದ್ರು.

ಇಲ್ಲಿಗೆ ಮುಗಿಸಬಹುದಿತ್ತು. ಆದ್ರೆ ಈ ಸಂಚಿಕೆ ಮಾಡ್ತಿರೋದು ಆಮೇಲೆ ನಡೆದದ್ದಕ್ಕೆ. ಕುರ್ಚಿಗೆ ಒಂದು ಕೀ ಇರುತ್ತೆ, ಮಕ್ಕಳು ಆಟ ಆಡಬಾರದು ಅಂತ. ಅಪ್ಪ ಅದನ್ನ ಗಾಡಿ ಕೀ ಜೊತೆ ಹಾಕ್ಕೊಂಡು ಆಫೀಸಿಗೆ ಹೋಗ್ತಿದ್ರು. ನಾವ್ಯಾರಾದ್ರೂ ಇದ್ದಾಗ ಮಾತ್ರ ಇಳೀಲಿ ಅನ್ನೋ ಕಾಳಜಿ. ಎರಡು ವಾರ ಅಜ್ಜಿ ಏನೂ ಹೇಳಲಿಲ್ಲ. ಒಂದು ಭಾನುವಾರ ತಿಂಡಿ ತಿನ್ನೋವಾಗ, "ಐದು ಲಕ್ಷ ಹಾಕಿ ನನಗೆ ಕುರ್ಚಿ ತಂದ್ರಿ. ಇಳಿಯೋಕೆ ಈಗಲೂ ನಿಮ್ಮನ್ನೇ ಕೇಳ್ಬೇಕು. ಮುಂಚೆ ಆ ಹುಡುಗರನ್ನ ಕೇಳ್ತಿದ್ದೆ, ಅಷ್ಟೇ ವ್ಯತ್ಯಾಸ" ಅಂದ್ರು.

ಯಾರೂ ಮಾತಾಡಲಿಲ್ಲ. ನನ್ನ ಶೀಟಿನಲ್ಲಿ ಅಷ್ಟೊಂದು ಕಾಲಂ ಇತ್ತು, ಇದು ಒಂದರಲ್ಲೂ ಇರಲಿಲ್ಲ. ಭಯ ಇಲ್ವಾ ಅಂದ್ರೆ ಇದೆ. ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ ಇರ್ತಾರೆ, ಲ್ಯಾಂಡಿಂಗ್‌ನಲ್ಲಿ ಆ ಮೂರು ಹೆಜ್ಜೆ ಇದೆ. ಎರಡು ದಿನ ಚರ್ಚೆ ಆಯ್ತು. ಅಮ್ಮ ಒಂದು ಷರತ್ತು ಹಾಕಿದ್ರು: "ಅತ್ತೆ, ಇಳಿಯೋಕೆ ಮುಂಚೆ ಕೆಳಗಿನ ಮನೆಯವರಿಗೆ ಒಂದು ಫೋನ್ ಮಾಡಿ, ಮಳೆ ಬಂದ್ರೆ ಇಳೀಬೇಡಿ." ಅಜ್ಜಿ ಒಪ್ಪಿದ್ರು. ಅಪ್ಪ ಗೊಂಚಲಿನಿಂದ ಕೀ ಬಿಡಿಸಿ ಮೇಜಿನ ಮೇಲಿಟ್ರು. ಈಗ ಅದು ಬೀರು ಕೀ ಜೊತೆ ಅಜ್ಜಿ ಸೊಂಟದಲ್ಲಿದೆ.

ನಿಮ್ಮನೆಯಲ್ಲೂ ಇಂಥದ್ದೊಂದು ಲೆಕ್ಕ ನಡೀತಿದ್ರೆ, ಕೊಟೇಶನ್ ತರಿಸೋಕೆ ಮುಂಚೆ ಕುರ್ಚಿಯಲ್ಲಿ ಕೂರೋರನ್ನ ಒಂದು ಮಾತು ಕೇಳಿ: ಇಳಿದು ಎಲ್ಲಿಗೆ ಹೋಗ್ಬೇಕು ನಿಮಗೆ? ನಾನು ಅದನ್ನ ಕೊನೆಯಲ್ಲಿ ಕೇಳಿದೆ. ಮುಂದಿನ ಸಂಚಿಕೆಯಲ್ಲಿ ಎಫ್‌ಡಿ ಮೇಲಿನ ಸಾಲದ ಬಗ್ಗೆ ವಿವರವಾಗಿ ಮಾತಾಡೋಣ, ಅಪ್ಪನಿಗೂ ಕೇಳಿಸ್ತೀನಿ. ಅಲ್ಲಿ ತನಕ ನಮಸ್ಕಾರ.